ಚಪ್ಪಟೆ ಮೀನಿಗೆ ಎಷ್ಟು ಕೊಬ್ಬು ಬೇಕು?

ಕೇಳುಗರಿಗೆ ನಮಸ್ಕಾರ.

ಮೀನಿನ ಹೊಸ ಫೀಡ್ ಚೀಲ ಬಿಚ್ಚಿದಾಗ ಒಂದು ಹಿಡಿ ಪೆಲೆಟ್, ಅಂದರೆ ಮೇವಿನ ಗುಳಿಗೆ, ತೆಗೆದು ಬೆರಳಲ್ಲಿ ಉಜ್ಜಿ ನೋಡುತ್ತೇವೆ, ಅಲ್ವಾ? ಕೈಗೆ ಎಣ್ಣೆ ಅಂಟಿದರೆ ಮಾಲು ಚೆನ್ನಾಗಿದೆ ಅಂತ ಖುಷಿ. ಸಾಲ್ಮನ್ ಸಾಕುವವರಿಗಾದರೆ ಈ ಖುಷಿ ಸರಿ. ಸಾಲ್ಮನ್ ಫೀಡಿನಲ್ಲಿ ಶೇಕಡಾ 30ಕ್ಕೂ ಜಾಸ್ತಿ ಕೊಬ್ಬು ಇರುತ್ತದೆ. ಆ ಮೀನು ಅಷ್ಟನ್ನೂ ಅರಗಿಸಿಕೊಂಡು ಬೆಳೆಯುತ್ತದೆ. ಅದೇ ಚೀಲವನ್ನು ಚಪ್ಪಟೆ ಮೀನಿನ ತೊಟ್ಟಿಗೆ ಸುರಿದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಚಪ್ಪಟೆ ಮೀನು ಅಂದರೆ ಟರ್ಬಟ್, ಹ್ಯಾಲಿಬಟ್, ಸೋಲ್, ಫ್ಲೌಂಡರ್ ಇವೆಲ್ಲ. ಎರಡೂ ಕಣ್ಣು ಮೇಲಿನ ಬದಿಗೆ. ಇನ್ನೊಂದು ಬದಿ ನೆಲಕ್ಕೆ. ತಿನ್ನುವ ಹೊತ್ತು ಬಿಟ್ಟರೆ ಸುಮ್ನೆ ತಟ್ಟೆಯ ಹಾಗೆ ಬಿದ್ದಿರುತ್ತವೆ.

ಫೀಡಿಗೆ ಕೊಬ್ಬು ಜಾಸ್ತಿ ಹಾಕುವ ಆಸೆ ಯಾಕೆ ಬರುತ್ತದೆ ಅಂತ ಮೊದಲು ನೋಡೋಣ. ಒಂದು ಗ್ರಾಂ ಪ್ರೋಟೀನಿನಿಂದ ಸುಮಾರು 4 ಕಿಲೋ ಕ್ಯಾಲರಿ ಸಿಗುತ್ತದೆ, ಒಂದು ಗ್ರಾಂ ಕೊಬ್ಬಿನಿಂದ 9. ಪ್ರೋಟೀನ್ ದುಬಾರಿ ಮಾಲು. ಹಾಗಾಗಿ ಉರಿಸುವುದಕ್ಕೆ ಕೊಬ್ಬು ಕೊಡೋಣ, ಪ್ರೋಟೀನ್ ಎಲ್ಲ ಮಾಂಸ ಕಟ್ಟುವುದಕ್ಕೆ ಉಳಿಯಲಿ ಅನ್ನುವುದು ಯೋಚನೆ. ಯೋಚನೆ ಚೆನ್ನಾಗಿಯೇ ಇದೆ. ಸಾಲ್ಮನ್ ಇದಕ್ಕೆ ಒಗ್ಗಿಕೊಳ್ಳುತ್ತದೆ. ಟರ್ಬಟ್ ಮತ್ತು ಸೋಲ್ ಅಷ್ಟಾಗಿ ಒಗ್ಗುವುದಿಲ್ಲ. ಅವು ಪ್ರೋಟೀನನ್ನೇ ಉರಿಸುವ ಜಾತಿ. ಹಾಗೆ ಉರಿಸಿದಾಗ ಹುಟ್ಟುವ ಅಮೋನಿಯಾ ಕಿವಿರಿನಿಂದ ನೇರವಾಗಿ ನೀರಿಗೆ ಹೋಗುತ್ತದೆ. ಮೀನಿಗೆ ಅದೊಂದು ದೊಡ್ಡ ಕೆಲಸವೇ ಅಲ್ಲ.

ಇನ್ನೊಂದು ತೊಡಕಿದೆ. ಮೀನು ತಿನ್ನುವುದು ಹೆಚ್ಚುಕಮ್ಮಿ ಶಕ್ತಿಯ ಲೆಕ್ಕದಲ್ಲಿ. ಎಣ್ಣೆ ಜಾಸ್ತಿ ಇರುವ ಪೆಲೆಟ್ ಕೊಟ್ಟರೆ ಬೇಗ ಸಾಕಾಗುತ್ತದೆ, ಮುಖ ತಿರುಗಿಸುತ್ತದೆ. ತಿಂದ ಪೆಲೆಟ್ ಕಮ್ಮಿ ಆದರೆ ಒಳಗೆ ಹೋದ ಪ್ರೋಟೀನೂ ಕಮ್ಮಿ. ಹೊಟ್ಟೆ ತುಂಬಿದೆ, ಮೈ ಬೆಳೆದಿಲ್ಲ.

ಹಾಗಾದರೆ ಆ ಎಣ್ಣೆ ಎಲ್ಲಿ ಹೋಯಿತು? ಅಂಥ ಟರ್ಬಟ್ ಒಂದನ್ನು ಕೊಯ್ದು ನೋಡಿದರೆ ಗೊತ್ತಾಗುತ್ತದೆ. ಚರ್ಮದ ಅಡಿಯಲ್ಲಿ, ರೆಕ್ಕೆಗಳ ಬುಡದ ಉದ್ದಕ್ಕೂ ಕೊಬ್ಬು ಕೂತಿರುತ್ತದೆ. ಯಕೃತ್ತಿಗೂ ಒಂದಿಷ್ಟು ಸೇರುತ್ತದೆ. ಮಾರಾಟವಾಗುವ ಬಿಳಿ ಮಾಂಸದ ತುಂಡು ಮಾತ್ರ ಹೆಚ್ಚುಕಮ್ಮಿ ಮೊದಲಿನ ಹಾಗೇ. ದುಡ್ಡು ಕೊಟ್ಟು ತಂದ ಎಣ್ಣೆಯನ್ನು ರೆಕ್ಕೆಯ ಬುಡಕ್ಕೆ ತುಂಬಿದ ಹಾಗಾಯಿತು!

ಅಂಕಿ ಹೇಳುವುದಾದರೆ, ಟರ್ಬಟ್‌ಗೆ ಶೇಕಡಾ 10ರಿಂದ 15ರಷ್ಟು ಕೊಬ್ಬು ಸಾಕು. 20, 25ಕ್ಕೆ ಏರಿಸಿದರೆ ಬೆಳವಣಿಗೆ ಕುಗ್ಗುತ್ತದೆ. ಸೆನೆಗಲ್ ಸೋಲ್ ಇನ್ನೂ ಸೂಕ್ಷ್ಮ, ಅದಕ್ಕೆ 8ರ ಒಳಗೇ ಒಳ್ಳೆಯದು. ಹ್ಯಾಲಿಬಟ್ ಸ್ವಲ್ಪ ಜಾಸ್ತಿ ತಡೆದುಕೊಳ್ಳುತ್ತದೆ. ಆದರೆ ತಡೆದುಕೊಳ್ಳುವುದು ಬೇರೆ, ಅದರಿಂದ ಬೆಳೆಯುವುದು ಬೇರೆ. ಪ್ರೋಟೀನ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಟರ್ಬಟ್ ಫೀಡಿನಲ್ಲಿ ಅದು ಸುಮಾರು ಅರ್ಧದಷ್ಟು ಇರಲೇಬೇಕು.

ಹಾಗಂತ ಕೊಬ್ಬನ್ನು ಪೂರ್ತಿ ತೆಗೆದುಬಿಟ್ಟೀರಿ, ಜೋಕೆ! ನನ್ನ ಮಟ್ಟಿಗೆ ಎಷ್ಟು ಅನ್ನುವುದಕ್ಕಿಂತ ಯಾವುದು ಅನ್ನುವುದೇ ದೊಡ್ಡ ವಿಷಯ. ಮೀನೆಣ್ಣೆಯಲ್ಲಿ ಡಿಎಚ್‌ಎ, ಇಪಿಎ ಅಂತ ಎರಡು ಕೊಬ್ಬಿನಾಮ್ಲಗಳಿವೆ. ಅಗಸೆ ಎಣ್ಣೆಯಲ್ಲೂ ಸೋಯಾ ಎಣ್ಣೆಯಲ್ಲೂ ಇವು ಇಲ್ಲ. ಟರ್ಬಟ್‌ಗೆ ಅಗಸೆ ಎಣ್ಣೆ ತಿನ್ನಿಸಿದರೆ ಅದರಿಂದ ಇವನ್ನು ಬೇಕಾದಷ್ಟು ಮಾಡಿಕೊಳ್ಳುವ ಶಕ್ತಿ ಅದರ ಮೈಗಿಲ್ಲ. ಸೆನೆಗಲ್ ಸೋಲ್ ಇಲ್ಲಿ ಕೊಂಚ ಜಾಣ. ಇಪಿಎ ಕೊಟ್ಟರೆ ಸ್ವಲ್ಪಮಟ್ಟಿಗೆ ಡಿಎಚ್‌ಎ ತಾನೇ ಮಾಡಿಕೊಳ್ಳುತ್ತದೆ.

ಇದರ ಬೆಲೆ ಕಾಣುವುದು ಮರಿಗಳಲ್ಲಿ. ಮೊಟ್ಟೆಯೊಡೆದು ಬಂದ ಮರಿ ಬೇರೆ ಮೀನಿನ ಮರಿಯ ಹಾಗೇ ಇರುತ್ತದೆ, ಕಣ್ಣು ಆಚೆಗೊಂದು ಈಚೆಗೊಂದು. ಕೆಲವು ವಾರ ಕಳೆದ ಮೇಲೆ ಒಂದು ಕಣ್ಣು ನಿಧಾನಕ್ಕೆ ತಲೆಯ ಮೇಲೆ ಹಾದು ಇನ್ನೊಂದು ಬದಿಗೆ ಬರುತ್ತದೆ. ಆ ಮುಂಚಿನ ದಿನಗಳಲ್ಲಿ ತಿನ್ನಲು ಕೊಡುವ ಆರ್ಟೀಮಿಯಾ ಅನ್ನುವ, ಸಿಗಡಿಯ ದೂರದ ನೆಂಟನಾದ ಪುಟ್ಟ ಹುಳದಲ್ಲಿ ಡಿಎಚ್‌ಎ ಇಲ್ಲವೇ ಇಲ್ಲ ಅನ್ನಬಹುದು. ಅದಕ್ಕೇ ಮೊದಲು ಹುಳಕ್ಕೆ ಎಣ್ಣೆ ತಿನ್ನಿಸಿ, ಆಮೇಲೆ ಆ ಹುಳವನ್ನು ಮರಿಗೆ ಕೊಡುತ್ತಾರೆ. ಇದು ತಪ್ಪಿದರೆ ಮರಿಯ ಮೇಲ್ಮೈಯಲ್ಲಿ ಬಿಳಿ ಮಚ್ಚೆ. ಹ್ಯಾಲಿಬಟ್‌ನಲ್ಲಂತೂ ಕಣ್ಣು ಅರ್ಧದಾರಿಯಲ್ಲೇ ನಿಂತುಬಿಡುವುದುಂಟು. ಆಮೇಲೆ ಎಂಥ ಫೀಡ್ ಹಾಕಿದರೂ ಆ ಕಣ್ಣು ಮುಂದಕ್ಕೆ ಸರಿಯುವುದಿಲ್ಲ.

ಡಿಎಚ್‌ಎ, ಇಪಿಎ ಎರಡೂ ಗಾಳಿ, ಬಿಸಿಲು ತಾಗಿದರೆ ಬೇಗ ಕೆಡುತ್ತವೆ. ಹಾಗಾಗಿ ಮುಂದಿನ ಸಲ ಚೀಲ ಬಿಚ್ಚಿದಾಗ ಪೆಲೆಟ್ ಉಜ್ಜಿ ನೋಡುವುದರ ಜೊತೆಗೆ ಮೂಗಿನ ಹತ್ತಿರವೂ ಹಿಡಿಯಿರಿ. ಕಮಟು ವಾಸನೆ ಬಂದರೆ ಆ ಚೀಲ ತೊಟ್ಟಿಯ ಹತ್ತಿರ ತರಬೇಡಿ.

ನಮಸ್ಕಾರ.