ಸೆಗೋವಿಯಾ: ಇಳಿದು ನೋಡಬೇಕಾದ ಊರು

ಕೇಳುಗರಿಗೆಲ್ಲ ನಮಸ್ಕಾರ.

ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ವೇಗದ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಸೆಗೋವಿಯಾ ಬರುತ್ತದೆ. ಇಷ್ಟು ಹತ್ತಿರವಿರುವುದೇ ಆ ಪುಟ್ಟ ಊರಿಗೆ ಶಾಪವಾಗಿದೆ ಅಂತ ನನಗನ್ನಿಸುತ್ತದೆ. ಬೆಳಗ್ಗೆ ಬಂದವರು ಮೇಲ್ಗಾಲುವೆಯ ಮುಂದೊಂದು, ಕೋಟೆಯ ಮುಂದೊಂದು ಫೋಟೊ ತೆಗೆದುಕೊಳ್ಳುತ್ತಾರೆ. ಮಧ್ಯಾಹ್ನ ಈ ಊರಿಗೆ ಹೆಸರು ತಂದ ಹಂದಿಮರಿಯ ಊಟ. ಚಾಕುವಿನ ಬದಲು ತಟ್ಟೆಯ ಅಂಚಿನಿಂದಲೇ ಮಾಂಸ ಕತ್ತರಿಸಿ ತೋರಿಸುತ್ತಾರೆ, ಅದೂ ಒಂದು ಫೋಟೊ. ಸಂಜೆಯ ಬಿಸಿಲು ಹೊನ್ನಾಗುವ ಹೊತ್ತಿಗೆ ಎಲ್ಲರೂ ವಾಪಸು ರೈಲಿನಲ್ಲಿ!

ಆ ಮೇಲ್ಗಾಲುವೆಯ ಮಾತು ಮೊದಲು. ಗ್ವಾದರ್ರಾಮಾ ಬೆಟ್ಟಗಳ ನೀರನ್ನು ಊರಿಗೆ ತರಲು ರೋಮನ್ನರು ಕಟ್ಟಿದ್ದು. 160ಕ್ಕೂ ಹೆಚ್ಚು ಕಮಾನುಗಳು. ಅಸೊಗೆಹೊ ಚೌಕದಲ್ಲಿ ಎತ್ತರ ಸುಮಾರು 28 ಮೀಟರ್. ಗ್ರಾನೈಟ್ ಕಲ್ಲುಗಳ ನಡುವೆ ಗಾರೆಯಿಲ್ಲ, ಒಂದರ ಭಾರ ಇನ್ನೊಂದನ್ನು ಹಿಡಿದು ನಿಲ್ಲಿಸಿದೆ. ಚೌಕದ ನಟ್ಟನಡುವೆ ನಿಂತು ಎದುರಿನಿಂದ ಚಿತ್ರ ತೆಗೆದರೆ ಅದು ತೂತುಗಳಿರುವ ಗೋಡೆಯಂತೆ ಕಾಣುತ್ತದೆ. ಪಕ್ಕದ ಮೆಟ್ಟಿಲು ಹತ್ತಿ ಓರೆಯಾಗಿ ನೋಡಿ. ಕಮಾನಿನ ಹಿಂದೆ ಕಮಾನು ಸಣ್ಣದಾಗುತ್ತಾ ಹೋಗುತ್ತದೆ, ಕೆಳಗಿನ ಜನ ಇರುವೆಗಳಾಗುತ್ತಾರೆ. ಆಗ ಗೊತ್ತಾಗುತ್ತದೆ ಅದರ ಗಾತ್ರ.

ಊರಿನವರು ಹೇಳುವ ಕಥೆಯೇ ಬೇರೆ. ದಿನವೂ ನೀರು ಹೊತ್ತು ಸುಸ್ತಾದ ಹುಡುಗಿಯೊಬ್ಬಳು ಸೈತಾನನ ಜೊತೆ ಒಪ್ಪಂದ ಮಾಡಿಕೊಂಡಳಂತೆ: ಕೋಳಿ ಕೂಗುವುದರೊಳಗೆ ನೀರು ಮನೆಬಾಗಿಲಿಗೆ ಬಂದರೆ ತನ್ನ ಆತ್ಮ ನಿನಗೆ ಅಂತ. ಸೈತಾನ ಕಟ್ಟುತ್ತಿದ್ದ ಮೇಲ್ಗಾಲುವೆಗೆ ಒಂದೇ ಒಂದು ಕಲ್ಲು ಬಾಕಿಯಿರುವಾಗ ಬೆಳಗಾಯಿತು, ಹುಡುಗಿ ಬದುಕಿಕೊಂಡಳು. 2019ರಲ್ಲಿ ಇಲ್ಲಿ ಆ ಸೈತಾನನ ಕಂಚಿನ ಪುಟ್ಟ ಪ್ರತಿಮೆಯನ್ನು ಇಟ್ಟರು. ಕೈಯಲ್ಲಿ ಮೊಬೈಲ್ ಹಿಡಿದು ನಗುನಗುತ್ತಾ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾನೆ! ಸೈತಾನನನ್ನು ಇಷ್ಟು ಮುದ್ದಾಗಿ ತೋರಿಸಬಾರದೆಂದು ತಕರಾರಾಗಿ, ಸಂಗತಿ ನ್ಯಾಯಾಲಯದವರೆಗೂ ಹೋಗಿತ್ತು. ನನಗೇನೋ ಅವನು ನಮ್ಮಂಥ ಪ್ರವಾಸಿಗರ ಭಾವಚಿತ್ರದಂತೆಯೇ ಕಾಣುತ್ತಾನೆ.

ಚೌಕದಿಂದ ಮೇಲೇರುವ ಬೀದಿಯಲ್ಲಿ ಗೋಡೆಗಳನ್ನು ನೋಡುತ್ತಾ ಹೋಗಿ. ಗಾರೆಯನ್ನು ಕೆರೆದು ಬಿಡಿಸಿದ ಬಳ್ಳಿ, ವೃತ್ತ, ಜಾಲಗಳು ಮನೆಯಿಂದ ಮನೆಗೆ ಬದಲಾಗುತ್ತವೆ. ಒಂದು ಮನೆಯ ಮುಖದ ತುಂಬ ಮೊನಚಾದ ಕಲ್ಲುಗಳೇ. ಓರೆ ಬಿಸಿಲು ಬಿದ್ದಾಗ ಪ್ರತಿ ಕಲ್ಲಿಗೂ ಒಂದೊಂದು ನೆರಳು. ಕೊನೆಗೆ ಮುಖ್ಯ ಚೌಕ, ಕೆಥೀಡ್ರಲ್. ಹಳೆಯದು 1520ರ ಬಂಡಾಯದಲ್ಲಿ ಹಾಳಾದ ಮೇಲೆ, 1525ರಲ್ಲಿ ಇದನ್ನು ಕಟ್ಟಲು ಶುರುಮಾಡಿದರು.

ಅಲ್ಕಾಸರ್ ಕೋಟೆಯ ಒಳಗಿನ ಕೋಣೆಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. 1474ರಲ್ಲಿ ಇಸಾಬೆಲ್ ಇಲ್ಲಿಂದ ಹೊರಟು, ಊರ ಚೌಕದಲ್ಲಿ ಕಸ್ತೀಲಿಯಾ ರಾಜ್ಯದ ರಾಣಿಯೆಂದು ಘೋಷಿಸಲ್ಪಟ್ಟಳು. 1862ರಲ್ಲಿ ಕೋಟೆ ಬೆಂಕಿ ಬಿದ್ದು ಸುಟ್ಟಿತು, ಆಮೇಲೆ ಜೀರ್ಣೋದ್ಧಾರವಾಯಿತು. ಗೋಪುರ ಹತ್ತಲು 152 ಮೆಟ್ಟಿಲು. ಹತ್ತಿದವರಿಗೆ ಎಲ್ಲವೂ ಕಾಣುತ್ತದೆ, ಕೋಟೆಯೊಂದನ್ನು ಬಿಟ್ಟು.

ಅದಕ್ಕೇ ಕೆಳಗಿಳಿಯಿರಿ ಎನ್ನುವುದು. ಎರೆಸ್ಮಾ, ಕ್ಲಾಮೊರೆಸ್ ಎಂಬ ಎರಡು ಚಿಕ್ಕ ಹೊಳೆಗಳು ಕೂಡುವ ಮೂಲೆಯಲ್ಲಿ, ಬಂಡೆಯ ತುದಿಯ ಮೇಲೆ ಕೋಟೆ ನಿಂತಿದೆ. ಸೇತುವೆ ದಾಟಿ ಸಾನ್ ಮಾರ್ಕೊಸ್ ಹುಲ್ಲುಗಾವಲಿಗೆ ಬಂದು ತಿರುಗಿ ನೋಡಿದರೆ ಬಂಡೆಯೇ ಹಡಗಿನ ಮೂತಿ, ಗೋಪುರಗಳೇ ಕೂವೆಮರ. ಆ ಮೂತಿ ಪಡುವಣಕ್ಕೆ ಮುಖ ಮಾಡಿದೆ. ಹಾಗಾಗಿ ಬೆಳಗ್ಗೆ ಕಪ್ಪಗಿದ್ದ ಕಲ್ಲು ಸಂಜೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಂದ ಸ್ವಲ್ಪ ಮೇಲೆ, ಬಯಲಿನಲ್ಲಿ ಒಂಟಿಯಾಗಿ ಹನ್ನೆರಡು ಮೂಲೆಯ ವೆರಾ ಕ್ರೂಸ್ ಇಗರ್ಜಿ ಇದೆ, 1208ರದ್ದು. ಅಲ್ಲಿ ನಿಂತರೆ ಕೋಟೆ, ಕೆಥೀಡ್ರಲ್, ಊರು ಎಲ್ಲ ಒಂದೇ ಚೌಕಟ್ಟಿನಲ್ಲಿ.

ಸೂರ್ಯ ಮುಳುಗಿದ ಕೂಡಲೇ ಕ್ಯಾಮೆರಾ ಮುಚ್ಚಬೇಡಿ. ಇನ್ನೊಂದಿಪ್ಪತ್ತು ನಿಮಿಷ ಆಕಾಶ ಕಡುನೀಲಿಯಾಗಿರುತ್ತದೆ, ಕೋಟೆಯ ದೀಪ ಹೊತ್ತಿಕೊಳ್ಳುತ್ತದೆ. ರಾತ್ರಿಯ ರೈಲಿನ ವೇಳೆ ಮಾತ್ರ ಮೊದಲೇ ನೋಡಿಟ್ಟುಕೊಂಡಿರಿ. ನಿಲ್ದಾಣ ಊರಿನಿಂದ ನಾಲ್ಕೈದು ಕಿಲೊಮೀಟರ್ ದೂರ.