ಮುಲಾಮು ಚರ್ಮದ ಮೇಲೇ ಉಳಿಯುವುದಿಲ್ಲ

ಎಲ್ಲರಿಗೂ ನಮಸ್ಕಾರ.

ಎಂಟು ತಿಂಗಳ ಒಂದು ಮಗುವಿನಿಂದ ಶುರು ಮಾಡುತ್ತೇನೆ. ನೆಗಡಿ ಎಂದು ತಾಯಿ ಎತ್ತಿಕೊಂಡು ಬಂದಿದ್ದರು. ಕೆನ್ನೆ ಎಷ್ಟು ಉಬ್ಬಿತ್ತೆಂದರೆ ಎದುರಿನಿಂದ ಕಿವಿಯೇ ಕಾಣುತ್ತಿರಲಿಲ್ಲ. "ಎಲ್ಲರೂ ದೃಷ್ಟಿಯಾಗುತ್ತೆ ಅಂತಾರೆ ಡಾಕ್ಟ್ರೇ" ಎಂದರು. ಆದರೆ ತೂಕ ಏರುತ್ತಿದ್ದರೂ ಮಗು ಉದ್ದ ಬೆಳೆದಿರಲಿಲ್ಲ. ಡೈಪರ್ ಬಿಚ್ಚಿದೆ. ಅಲ್ಲಿನ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. "ಇಲ್ಲಿಗೇನು ಹಚ್ಚುತ್ತೀರಮ್ಮಾ?" ಬ್ಯಾಗಿನಿಂದ ಒಂದು ಟ್ಯೂಬು ತೆಗೆದರು. ಪೇಸ್ಟಿನ ಹಾಗೆ ಬುಡದಿಂದ ಸುತ್ತಿ ಸುತ್ತಿ ಹಿಂಡಿದ್ದರು. ಕ್ಲೋಬೆಟಾಸಾಲ್. ತುಂಬಾ ಬಲವಾದ ಸ್ಟೀರಾಯ್ಡ್ ಮುಲಾಮು. ಪಕ್ಕದ ಮನೆಯವರು ಹೇಳಿದ್ದಂತೆ. ಎರಡೇ ದಿನಕ್ಕೆ ಕೆಂಪು ಇಳಿಯಿತಲ್ಲ, ಆಮೇಲೆ ಡೈಪರ್ ಬದಲಿಸಿದಾಗಲೆಲ್ಲ ಹಚ್ಚಿದ್ದರು. ಆ ತಾಯಿಯದು ತಪ್ಪು ಎಂದು ನಾನು ಹೇಳಲಾರೆ. ಅವರಿಗೆ ಯಾರೂ ಹೇಳಿರಲಿಲ್ಲ.

ನಮ್ಮ ಎರಡೂ ಕಿಡ್ನಿಗಳ ತಲೆ ಮೇಲೆ ಟೋಪಿ ಇಟ್ಟ ಹಾಗೆ ಅಡ್ರಿನಲ್ ಗ್ರಂಥಿಗಳಿವೆ. ಕಾರ್ಟಿಸಾಲ್ ಎಂಬ ಹಾರ್ಮೋನು ಅಲ್ಲಿ ತಯಾರಾಗುತ್ತದೆ. ಬಿಪಿ ಬೀಳದಂತೆ, ಸಕ್ಕರೆ ಇಳಿಯದಂತೆ ನೋಡಿಕೊಳ್ಳುವುದರಲ್ಲಿ, ಜ್ವರ ಬಂದಾಗ ಮೈ ತಡೆದುಕೊಳ್ಳುವುದರಲ್ಲಿ ಅದರ ಪಾಲು ದೊಡ್ಡದು. ಎಷ್ಟು ಬೇಕೆಂದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಹೇಳಿಕಳಿಸುತ್ತದೆ. ಮುಲಾಮಿನ ಸ್ಟೀರಾಯ್ಡ್ ಈ ಕಾರ್ಟಿಸಾಲ್‌ನದೇ ಜಾತಿ. ಕೆಲವಕ್ಕೆ ಬಲ ಮಾತ್ರ ಬಹಳ ಜಾಸ್ತಿ. ಅದು ಚರ್ಮದಿಂದ ರಕ್ತಕ್ಕೆ ಇಳಿದರೆ, ಪಿಟ್ಯುಟರಿ ಸಾಕಷ್ಟಿದೆ ಎಂದುಕೊಂಡು ಸುಮ್ಮನಾಗುತ್ತದೆ. ಕೇಳುವವರಿಲ್ಲದೆ ಅಡ್ರಿನಲ್ ಕೂಡ ಮಲಗಿಬಿಡುತ್ತದೆ.

ಎಷ್ಟು ಹಚ್ಚಿದರೆ ಹೀಗಾಗಬಹುದು? ನಿಮ್ಮ ತೋರುಬೆರಳು ನೋಡಿಕೊಳ್ಳಿ. ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅಷ್ಟು ಎರಡು ಅಂಗೈ ಜಾಗಕ್ಕೆ ಸಾಕು. ಕ್ಲೋಬೆಟಾಸಾಲ್ ದಿನಕ್ಕೆ 2 ಗ್ರಾಂ, ಅಂದರೆ ಹೀಗೆ ನಾಲ್ಕು ಸಲ ಹಿಂಡಿದಷ್ಟು ಹಚ್ಚಿದರೂ ದೊಡ್ಡವರಲ್ಲೇ ಅಡ್ರಿನಲ್ ಮಂಕಾಗಬಲ್ಲದು. ಸಂದು, ಕಂಕುಳು, ಮುಖದ ಚರ್ಮ ಇನ್ನೂ ಬೇಗ ಹೀರುತ್ತದೆ. ಮೇಲೆ ಡೈಪರ್ ಬಿಗಿದರೆ ಕೇಳಲೇಬೇಡಿ.

ಸ್ಟೀರಾಯ್ಡ್ ಹೀಗೆ ರಕ್ತಕ್ಕೆ ಸೇರುತ್ತಾ ಹೋದರೆ ದೊಡ್ಡವರಲ್ಲಿ ಮುಖ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ, ತೊಡೆ ಮೇಲೆ ಕೆನ್ನೇರಳೆ ಗೆರೆ ಮೂಡುತ್ತವೆ. ಸಕ್ಕರೆ, ಬಿಪಿ ಏರಬಹುದು. ಹೆಣ್ಣುಮಕ್ಕಳಿಗೆ ಮುಟ್ಟು ಏರುಪೇರಾಗಬಹುದು.

ಇದನ್ನು ಕೇಳಿ ಮನೆಗೆ ಹೋಗಿ ಟ್ಯೂಬು ಬಿಸಾಡಬೇಡಿ. ತುಂಬಾ ದಿನ ಹಚ್ಚಿದವರು ಒಮ್ಮೆಲೇ ಬಿಟ್ಟರೆ ಅಪಾಯ. ಅಡ್ರಿನಲ್ ಇನ್ನೂ ಎದ್ದಿರುವುದಿಲ್ಲವಲ್ಲ. ಸುಸ್ತು, ವಾಂತಿ, ತಲೆಸುತ್ತು ಬರುತ್ತವೆ. ಜೊತೆಗೆ ಜೋರು ಜ್ವರ ಬಂದರೆ ಪ್ರಾಣಕ್ಕೇ ಕುತ್ತು. ಆ ಮಗುವಿಗೂ ನಾವು ತಕ್ಷಣ ನಿಲ್ಲಿಸಲಿಲ್ಲ. ಕಡಿಮೆ ಬಲದ ಔಷಧ ಕೊಟ್ಟು ಮೆಲ್ಲಗೆ ಇಳಿಸಿದೆವು. ಬೆಳಿಗ್ಗೆ 8 ಗಂಟೆಗೆ ರಕ್ತ ತೆಗೆದು ಕಾರ್ಟಿಸಾಲ್ ನೋಡುತ್ತಾ ಬಂದೆವು. ಅದು ಸರಿಹೋಗಲು ತಿಂಗಳುಗಳೇ ಹಿಡಿದವು.

ಸೋರಿಯಾಸಿಸ್‌ಗೆ, ಇಸಬಿಗೆ ಈ ಮುಲಾಮುಗಳು ತುಂಬಾ ಒಳ್ಳೆಯ ಔಷಧಗಳು. ನಾನೇ ದಿನವೂ ಬರೆಯುತ್ತೇನೆ, ಎಷ್ಟು ದಿನ ಎಂದು ಹೇಳಿ. ಹುಳುಕಡ್ಡಿಗೆ, ಬೆಳ್ಳಗಾಗಲು ಹಚ್ಚುವುದೇ ನನಗೆ ಸಂಕಟ. 2018ರಲ್ಲಿ ಸರ್ಕಾರ 14 ಸ್ಟೀರಾಯ್ಡ್‌ಗಳ ಮುಲಾಮನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಎಂದಿತು. ಆದರೂ ಎಷ್ಟೋ ಕಡೆ ಕೇಳಿದರೆ ಕೊಡುತ್ತಾರೆ, ಅಲ್ವಾ?

ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಈ ಹೆಸರುಗಳಿವೆಯೇ ನೋಡಿ. ಓದಲು ಬಾರದಿದ್ದರೆ ಇಲ್ಲಿಗೇ ತನ್ನಿ. ಸಂಜೆವರೆಗೂ ಆ ಟೇಬಲ್ ಹತ್ತಿರವೇ ಕೂತಿರುತ್ತೇನೆ.