ಸಾಂಬಾರ್ ‘ನೈಸ್’ ಆಗಿರುತ್ತೆ, ‘ನೈಸ್ಲಿ’ ಅಲ್ಲ

[ಪರದೆ: ‘ದಿ ಸಾಂಬಾರ್ ಟೇಸ್ಟ್ಸ್ ನೈಸ್ಲಿ’]

ನಮಸ್ಕಾರ. ಪರದೆ ಮೇಲಿರೋ ವಾಕ್ಯ ಓದಿ. ಸರಿ ಅನ್ನಿಸ್ತಾ? ಕನ್ನಡ ಮಾತಾಡೋ ನಮಗೆ ಸರಿ ಅಂತಲೇ ಅನ್ಸುತ್ತೆ, ಆದ್ರೆ ತಪ್ಪು. ಈ ತಪ್ಪು ಎಲ್ಲಿಂದ ಬರುತ್ತೆ ಅಂತ ಗೊತ್ತಾದ್ರೆ ಅರ್ಧ ವ್ಯಾಕರಣ ಕಲಿತ ಹಾಗೆ.

‘ಸುಂದರವಾದ ಹಾಡು’ ಅಂತೀವಿ, ‘ಸುಂದರವಾಗಿ ಹಾಡಿದಳು’ ಅಂತೀವಿ. ‘ಆದ’ ಬಂದ್ರೆ ನಾಮಪದಕ್ಕೆ ಸೇರೋ ವಿಶೇಷಣ, ಅಡ್ಜೆಕ್ಟಿವ್. ‘ಆಗಿ’ ಬಂದ್ರೆ ಕ್ರಿಯಾವಿಶೇಷಣ, ಆಡ್‌ವರ್ಬ್. ಇಂಗ್ಲಿಷಲ್ಲಿ ‘ಬ್ಯೂಟಿಫುಲ್ ಸಾಂಗ್’, ‘ಸ್ಯಾಂಗ್ ಬ್ಯೂಟಿಫುಲಿ’. ಇಲ್ಲೀತನಕ ಲೆಕ್ಕ ಸರಿ: ‘ಆಗಿ’ ಇದ್ದಲ್ಲಿ ‘ಲಿ’.

ಈಗ ‘ಸಾಂಬಾರ್ ರುಚಿಯಾಗಿದೆ’ ಅನ್ನಿ. ಇಲ್ಲೂ ‘ಆಗಿ’ ಇದೆಯಲ್ಲ! ಅದೇ ಅಭ್ಯಾಸದಲ್ಲಿ ‘ಲಿ’ ಹಚ್ಚಿಬಿಡ್ತೀವಿ. ಆದ್ರೆ ಇಲ್ಲಿ ಹೇಳ್ತಿರೋದು ಸಾಂಬಾರಿನ ಗುಣ. ಹಾಗಾಗಿ ‘ಟೇಸ್ಟ್ಸ್ ನೈಸ್’. ಸ್ಮೆಲ್, ಫೀಲ್, ಸೌಂಡ್, ಸೀಮ್, ಲುಕ್ ಇವೂ ಹೀಗೇ. ಅನುಮಾನ ಬಂದ್ರೆ ಆ ಕ್ರಿಯಾಪದ ತೆಗೆದು ‘ಈಸ್’ ಇಟ್ಟು ನೋಡಿ. ‘ದಿ ಸಾಂಬಾರ್ ಈಸ್ ನೈಸ್’: ಅರ್ಥ ಕೂಡ್ತು, ಅಂದ್ರೆ ಅಡ್ಜೆಕ್ಟಿವೇ ಬೇಕು.

[ಪರದೆ: ‘ಹಿ ಲುಕ್ಡ್ ಆಂಗ್ರಿ’ / ‘ಹಿ ಲುಕ್ಡ್ ಆಂಗ್ರಿಲಿ ಅಟ್ ಮಿ’]

ನನಗೆ ತುಂಬ ಇಷ್ಟವಾದ ಜೋಡಿ ಇದು. ಮೊದಲನೇದು, ಅವನು ಸಿಟ್ಟಾಗಿರೋ ಹಾಗೆ ಕಂಡ. ಎರಡನೇದು, ನನ್ನನ್ನ ಸಿಟ್ಟಿನಿಂದ ನೋಡಿದ. ನಮಗೆ ಕಾಣೋದಕ್ಕೊಂದು, ನೋಡೋದಕ್ಕೊಂದು ಬೇರೆಬೇರೆ ಕ್ರಿಯಾಪದ ಇದೆ. ಇಂಗ್ಲಿಷಿಗೆ ಎರಡಕ್ಕೂ ‘ಲುಕ್’ ಒಂದೇ, ಆದ್ದರಿಂದ ಆ ವ್ಯತ್ಯಾಸ ಹೊರೋ ಕೆಲಸ ಪುಟ್ಟ ‘ಲಿ’ ಮೇಲೆ ಬೀಳುತ್ತೆ.

ಹಾಗಂತ ‘ಲಿ’ ಕಂಡಲ್ಲೆಲ್ಲ ಆಡ್‌ವರ್ಬ್ ಅನ್ಕೋಬೇಡಿ. ಫ್ರೆಂಡ್ಲಿ, ಲವ್ಲಿ, ಕಾಸ್ಟ್ಲಿ ಅಡ್ಜೆಕ್ಟಿವ್‌ಗಳು. ಹಳೆಯ ಇಂಗ್ಲಿಷಲ್ಲಿ ಅಡ್ಜೆಕ್ಟಿವ್‌ಗೆ ‘ಲಿಚ್’, ಆಡ್‌ವರ್ಬ್‌ಗೆ ‘ಲಿಚೆ’ ಅಂತ ಎರಡು ಪ್ರತ್ಯಯ ಇದ್ವು. ಸವೆದು ಸವೆದು ಎರಡೂ ‘ಲಿ’ ಆದ್ವು. ಸಾಮಾನ್ಯವಾಗಿ ನಾಮಪದಕ್ಕೆ ‘ಲಿ’ ಸೇರಿದ್ರೆ ಅಡ್ಜೆಕ್ಟಿವ್, ಅಡ್ಜೆಕ್ಟಿವ್‌ಗೆ ಸೇರಿದ್ರೆ ಆಡ್‌ವರ್ಬ್.

‘ಲಿ’ ಇಲ್ಲದ ಆಡ್‌ವರ್ಬ್‌ಗಳೂ ಇವೆ. ‘ಫಾಸ್ಟ್ ಕಾರ್’, ‘ರನ್ಸ್ ಫಾಸ್ಟ್’, ಎರಡಕ್ಕೂ ಒಂದೇ ರೂಪ. ‘ಹಾರ್ಡ್’ ಕೂಡ ಹಾಗೇ, ಆದ್ರೆ ಇಲ್ಲಿ ಎಚ್ಚರ ಬೇಕು. ವರ್ಷವಿಡೀ ಕಷ್ಟಪಟ್ಟು ಓದಿದ ಹುಡುಗಿ ಇಂಟರ್‌ವ್ಯೂನಲ್ಲಿ ‘ಐ ಹಾರ್ಡ್ಲಿ ಸ್ಟಡೀಡ್’ ಅಂದ್ರೆ, ‘ನಾನು ಓದಿದ್ದೇ ಇಲ್ಲ ಅನ್ನಬಹುದು’ ಅಂತ ಅರ್ಥ ಆಗಿಬಿಡುತ್ತೆ. ಅವಳು ಹೇಳಬೇಕಿದ್ದದ್ದು ‘ಐ ಸ್ಟಡೀಡ್ ಹಾರ್ಡ್’.